ಉರಿಯದ ಟಾರ್ಚು ಸತ್ತಿಲ್ಲ: ಅಗ್ಗದ ಎಲ್‌ಇಡಿ ಟಾರ್ಚಿನ ದೋಷ ಹುಡುಕುವ ಬಗೆ

ಪುನರ್ವಸು ಮಳೆ ಹಿಡಿಯಿತೆಂದರೆ ಹಾಸನ ಜಿಲ್ಲೆಯ ನಮ್ಮ ಹಾನುಬಾಳಿನ ಸುತ್ತಮುತ್ತ ಯಾವ ಮನೆಯಲ್ಲೂ ಟಾರ್ಚಿಲ್ಲದೆ ರಾತ್ರಿ ಕಳೆಯುವುದಿಲ್ಲ. ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದರೆ ಕರೆಂಟು ಬರುವುದು ನಾಳೆಯೋ ನಾಡಿದ್ದೋ. ಅಷ್ಟರಲ್ಲಿ ಕೊಟ್ಟಿಗೆಗೆ ಹೋಗಬೇಕು, ನಾಯಿ ಯಾಕೆ ಬೊಗಳುತ್ತಿದೆ ನೋಡಬೇಕು, ಆನೆ ತೋಟದ ಮೇಲ್ಗಡೆ ಇದೆ ಎಂದು ಮೊಬೈಲಿಗೆ ಮೆಸೇಜು ಬಂದರೆ ತೋಟದ ಕೆಲಸಗಾರರ ಲೈನ್ ಮನೆಯವರಿಗೆ ಹೋಗಿ ಹೇಳಬೇಕು. ಬೇಸಿಗೆಯದು ಬೇರೆ ಕೆಲಸ. ಕಾಫಿ ಹೂ ಬಿಡಿಸುವ ಹೂ ಮಳೆ ಕೈಕೊಟ್ಟರೆ, ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ, ಅದು ನಡುರಾತ್ರಿಯಾದರೂ ಸರಿ, ಸ್ಪ್ರಿಂಕ್ಲರ್ ಪೈಪು ಬದಲಿಸಲು ರೋಬಸ್ಟಾ ತೋಟಕ್ಕೆ ಇಳಿಯಬೇಕು. ಕಾಲಿಡುವ ಜಾಗದಲ್ಲಿ ಕೊಳಕುಮಂಡಲ ಸುತ್ತಿಕೊಂಡಿದೆಯೋ ಇಲ್ಲವೋ ಎಂದು ತೋರಿಸುವುದು ಕೈಯಲ್ಲಿರುವ ಇನ್ನೂರು ರೂಪಾಯಿಯ ಟಾರ್ಚು. ಆ ದುಡ್ಡಿಗೆ ಅದು ಮಾಡುವ ಕೆಲಸದ ಮೇಲೆ ನನಗೆ ಗೌರವವಿದೆ. ಕೆಟ್ಟಿತೆಂದು ಅದನ್ನು ತಿಪ್ಪೆಗೆ ಎಸೆಯುವುದನ್ನು ಕಂಡಾಗ ಸಂಕಟವಾಗುತ್ತದೆ, ಯಾಕೆಂದರೆ ಹೆಚ್ಚಿನ ಸಲ ಅದು ಕೆಟ್ಟಿರುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಜಗಲಿಗೆ ಅಕ್ಕಪಕ್ಕದ ತೋಟಗಳಿಂದ ಟಾರ್ಚುಗಳು ಬರುತ್ತಿರುತ್ತವೆ. ತಂದವರು ಹೇಳುವುದು ಒಂದೇ ಮಾತು: "ಬಲ್ಬು ಹೋಗಿದೆ." ಹಿತ್ತಾಳೆ ಟಾರ್ಚಿನ ಕಾಲದಿಂದ ಬಂದ ಅಭ್ಯಾಸ ಅದು. ಆಗ ಬಲ್ಬಿನೊಳಗೆ ಕೂದಲಿನಂಥ ಟಂಗ್‌ಸ್ಟನ್ ತಂತಿ ಇರುತ್ತಿತ್ತು, ಕೈಜಾರಿ ಬಿದ್ದರೆ ಕಡಿದುಹೋಗುತ್ತಿತ್ತು. ಎಲ್‌ಇಡಿಯಲ್ಲಿ ಕಡಿಯುವ ತಂತಿಯೇ ಇಲ್ಲ. ಅದೊಂದು ಪುಟ್ಟ ಹರಳು, ಸ್ವತಃ ನೀಲಿ ಬೆಳಕು ಕೊಡುತ್ತದೆ. ಮೇಲೆ ಬಳಿದ ಹಳದಿ ಫಾಸ್ಫರ್ ಆ ನೀಲಿಯಲ್ಲಿ ಒಂದಷ್ಟನ್ನು ಹಳದಿಯಾಗಿಸಿ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೊಬೆಲ್ ಪಡೆದ ವಸ್ತು ಸಂತೆಯ ಟಾರ್ಪಾಲಿನ ಮೇಲೆ ರಾಶಿ ಬಿದ್ದಿರುತ್ತದೆ ಎನ್ನುವುದು ನನಗೆ ಇವತ್ತಿಗೂ ಸಂತೋಷ ಕೊಡುವ ವಿಷಯ. ಸುಮಾರು 3 ವೋಲ್ಟು ಸಿಕ್ಕರೆ, ಬಿಸಿ ಮಿತಿಯಲ್ಲಿದ್ದರೆ, ಅದು ವರ್ಷಗಟ್ಟಲೆ ಉರಿಯುತ್ತದೆ. ಹಾಗಾಗಿ ಇಡೀ ಟಾರ್ಚಿನಲ್ಲಿ ಕೊನೆಗೆ ಅನುಮಾನಿಸಬೇಕಾದದ್ದು ಎಲ್‌ಇಡಿಯನ್ನು. ಹುಡುಕಾಟ ಶುರುವಾಗಬೇಕಾದ್ದು ಇನ್ನೊಂದು ತುದಿಯಿಂದ, ಶೆಲ್ಲಿನ ಕಡೆಯಿಂದ.

ಮಾತಿನ ಗೊಂದಲವೊಂದನ್ನು ಮೊದಲೇ ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಟಾರ್ಚಿಗೇ "ಬ್ಯಾಟ್ರಿ" ಎನ್ನುತ್ತಾರೆ, ಒಳಗೆ ಹಾಕುವುದಕ್ಕೆ "ಶೆಲ್ಲು". ಇಲ್ಲಿ ಹಿಡಿಯುವುದು ಟಾರ್ಚು, ಕರೆಂಟು ಕೊಡುವುದು ಶೆಲ್ಲು.

ಬೇಕಾದ ಸಾಮಾನು ಸ್ವಲ್ಪವೇ: ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರು, ಎರಡು ಇಂಚು ತಾಮ್ರದ ತಂತಿ, ಹಳೇ ಹಲ್ಲುಜ್ಜುವ ಬ್ರಷ್, ಇಯರ್‌ಬಡ್, ಸರ್ಜಿಕಲ್ ಸ್ಪಿರಿಟ್, ಜೀರೋ ನಂಬರ್ ಎಮರಿ ಕಾಗದ, ಒಂದು ನಿಂಬೆಹಣ್ಣು, ಮೊನೆಯ ಚಿಮಟ. ಜೊತೆಗೆ ಚೆನ್ನಾಗಿದೆ ಎಂದು ಖಾತ್ರಿಯಿರುವ ಹೊಸ ಶೆಲ್ಲು. ಮೀಟರು ಇಲ್ಲದಿದ್ದರೂ ಅರ್ಧ ಕೆಲಸ ಆಗುತ್ತದೆ.

ಮೊದಲು ಶೆಲ್ಲು

ಶೆಲ್ಲನ್ನು ಹೊರಗೆ ತೆಗೆದು ಮೀಟರು ಇಟ್ಟರೆ 1.4 ವೋಲ್ಟು ತೋರಿಸುತ್ತದೆ, "ಶೆಲ್ಲು ಸರಿಯಿದೆ" ಎಂದು ಬದಿಗಿಡುತ್ತೇವೆ. ಎಲ್ಲರೂ ಎಡವುವ ಜಾಗ ಇದು. ಕೆಲಸವಿಲ್ಲದೆ ಕೂತ ಶೆಲ್ಲು ಒಳ್ಳೆಯ ವೋಲ್ಟೇಜನ್ನೇ ತೋರಿಸುತ್ತದೆ. ಮುದಿಯಾದಂತೆ ಅದರ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರಿರುತ್ತದೆ, ಎಲ್‌ಇಡಿ ಕರೆಂಟು ಎಳೆದ ತಕ್ಷಣ ವೋಲ್ಟೇಜು ಕುಸಿಯುತ್ತದೆ. ಅಳೆಯಬೇಕಾದ್ದು ಟಾರ್ಚು ಉರಿಯುತ್ತಿರುವಾಗ. ಉರಿಯುವಾಗ 1 ವೋಲ್ಟಿಗಿಂತ ಕೆಳಗಿಳಿಯುವ ಶೆಲ್ಲನ್ನು ಗೋಡೆ ಗಡಿಯಾರಕ್ಕೆ ಹಾಕಿ, ಅಲ್ಲಿ ಅದು ಇನ್ನೂ ಕೆಲವು ತಿಂಗಳು ಓಡುತ್ತದೆ. ಮೀಟರಿಲ್ಲದವರು ಹೊಸ ಶೆಲ್ಲು ಹಾಕಿ ನೋಡಿದರೆ ಸಾಕು.

ಮೂರು ಸಣ್ಣ ಶೆಲ್ಲಿನ ಗೂಡು ಇರುವ ಟಾರ್ಚುಗಳಲ್ಲಿ ಮೂರನ್ನೂ ಬೇರೆಬೇರೆಯಾಗಿ ಅಳೆಯಿರಿ. ಒಂದು ಹಳೆಯದು, ಎರಡು ಹೊಸದು ಹಾಕಿದ್ದರೆ ಹಳೆಯದು ಬೇಗ ಖಾಲಿಯಾಗುತ್ತದೆ. ಆಮೇಲೂ ಉಳಿದೆರಡು ಅದರ ಮೂಲಕ ಕರೆಂಟು ನೂಕುತ್ತಲೇ ಇರುತ್ತವೆ, ಆ ಒಂದು ಶೆಲ್ಲು ಉಲ್ಟಾ ಚಾರ್ಜ್ ಆಗಿ ಸೋರಲು ಶುರುವಾಗುತ್ತದೆ. ಗೂಡಿನಲ್ಲಿ ಸ್ಪ್ರಿಂಗ್ ಇರುವ ಕಡೆ ಶೆಲ್ಲಿನ ಚಪ್ಪಟೆ ತಳ ಬರಬೇಕು. ಗೂಡಿಗೇ ಒಂದು ಹಿಂದು ಮುಂದು ಇರುತ್ತದೆ. ಬಹಳಷ್ಟು ಅಗ್ಗದ ಟಾರ್ಚುಗಳಲ್ಲಿ ಅದಕ್ಕೆ ಗುರುತೇ ಇರುವುದಿಲ್ಲ, ಕತ್ತಲಲ್ಲಿ ತಿರುಗಿಸಿ ಹಾಕಿ "ಕೆಟ್ಟುಹೋಯ್ತು" ಎನ್ನುತ್ತಾರೆ. ಸರಿಯಾಗಿ ಉರಿದಾಗ ಮುಂದಿನ ಬದಿಗೆ ನೈಲ್ ಪಾಲಿಶ್ ಚುಕ್ಕಿ ಇಟ್ಟುಬಿಡಿ.

ಸೋರಿದ ಶೆಲ್ಲಿನ ಗಲೀಜು ಎರಡು ಬಗೆ, ಮದ್ದೂ ಎರಡು. ಹಳ್ಳಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಶೆಲ್ಲು ಜಿಂಕ್ ಕಾರ್ಬನ್. ಅದರ ಸತುವಿನ ಡಬ್ಬಿಯೇ ಒಂದು ಧ್ರುವ, ಕರೆಂಟು ಕೊಡುತ್ತ ಕೊಡುತ್ತ ಡಬ್ಬಿಯೇ ಸವೆದು ತೂತಾಗುತ್ತದೆ. ಹೊರಬರುವ ರಸ ಆಮ್ಲೀಯ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ದುಬಾರಿ ಆಲ್ಕಲೈನ್ ಶೆಲ್ಲು ಸೋರಿದರೆ ಬರುವುದು ಕ್ಷಾರ, ಗಾಳಿ ತಾಗಿ ಬಿಳಿ ಪುಡಿಯಾಗಿ ಕೂತಿರುತ್ತದೆ, ಅದಕ್ಕೆ ನಿಂಬೆರಸ. ಬಡ್ ಅದ್ದಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಸ್ಪಿರಿಟ್, ಪೂರ್ತಿ ಒಣಗಿದ ಮೇಲೆ ಎಮರಿ ಕಾಗದದಿಂದ ಲೋಹ ಹೊಳೆಯುವಷ್ಟು ಮಾತ್ರ ಉಜ್ಜಿ. ಬರಿಗೈಯಲ್ಲಿ ಮುಟ್ಟಬೇಡಿ, ಆ ಕೈಯಲ್ಲಿ ಕಣ್ಣನ್ನಂತೂ ಮುಟ್ಟಲೇಬೇಡಿ.

ನನ್ನ ಸಲಹೆ ಕೇಳುವುದಾದರೆ, ದಿನಾ ಬಳಸುವ ಮೂರು ಶೆಲ್ಲಿನ ಟಾರ್ಚಿಗೆ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಶೆಲ್ಲು ಹಾಕಿ. ಒಂದೊಂದು 1.2 ವೋಲ್ಟು, ಮೂರು ಸೇರಿ 3.6, ಎಲ್‌ಇಡಿಗೆ ಸಾಕು. ಮೊದಲ ನಿಮಿಷದ ಪ್ರಖರತೆ ಕೊಂಚ ಕಡಿಮೆ ಅನಿಸಬಹುದು, ಆದರೆ ಬೆಳಕು ಕೊನೆಯವರೆಗೂ ಹೆಚ್ಚು ಇಳಿಯದೆ ನಿಲ್ಲುತ್ತದೆ. ಸೋರುವ ಕಾಟ ತೀರಾ ಕಡಿಮೆ.

ಹಿಂಬದಿ ಮುಚ್ಚಳ: ಹೆಚ್ಚಿನ ರೋಗ ಇಲ್ಲಿ

ಶೆಲ್ಲು ಸರಿಯಿದ್ದೂ ಉರಿಯದಿದ್ದರೆ, ಅಥವಾ ಮಂಕಾಗಿ ಉರಿದರೆ, ಕರೆಂಟು ನಡೆಯುವ ದಾರಿಯನ್ನು ಮನಸ್ಸಿನಲ್ಲಿ ಒಮ್ಮೆ ನಡೆದು ನೋಡಿ. ಶೆಲ್ಲಿನ ಪ್ಲಸ್ಸಿನಿಂದ ತಲೆಯೊಳಗಿನ ಸಣ್ಣ ಸರ್ಕ್ಯೂಟಿಗೆ, ಅಲ್ಲಿಂದ ಎಲ್‌ಇಡಿಗೆ, ಎಲ್‌ಇಡಿಯಿಂದ ತಲೆಯ ಲೋಹಕ್ಕೆ, ಅಲ್ಲಿಂದ ಮರೆಯ (ತಿರುಗಿಸಿ ಕೂರಿಸುವ ತಿರುಪಿನ ಗೆರೆಗಳ) ಮೂಲಕ ಕೊಳವೆಗೆ, ಕೊಳವೆಯಿಂದ ಹಿಂಬದಿ ಮುಚ್ಚಳಕ್ಕೆ, ಮುಚ್ಚಳದೊಳಗಿನ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ಶೆಲ್ಲಿನ ತಳಕ್ಕೆ. ಅಂದರೆ ಕೈಯಲ್ಲಿ ಹಿಡಿದ ಅಲ್ಯೂಮಿನಿಯಂ ಕೊಳವೆಯೇ ಒಂದು ವೈರು. ಇದು ಗೊತ್ತಾದ ದಿನ ಟಾರ್ಚು ರಿಪೇರಿ ಅರ್ಧ ಬಂದಂತೆ.

ಈಗ ಪರೀಕ್ಷೆ. ಹಿಂಬದಿ ಮುಚ್ಚಳ ಬಿಚ್ಚಿ ಪಕ್ಕಕ್ಕಿಡಿ. ಶೆಲ್ಲು ಒಳಗೇ ಇರಲಿ. ತಾಮ್ರದ ತಂತಿಯ ಒಂದು ತುದಿಯನ್ನು ಶೆಲ್ಲಿನ ತಳಕ್ಕೆ, ಇನ್ನೊಂದು ತುದಿಯನ್ನು ಕೊಳವೆಯ ಅಂಚಿಗೆ ಮುಟ್ಟಿಸಿ. ಕೊಳವೆಯ ಕಪ್ಪು ಬಣ್ಣದ ಮೇಲೆ ಮುಟ್ಟಿಸಿದರೆ ಪ್ರಯೋಜನವಿಲ್ಲ. ಅದು ಆನೊಡೈಸ್ ಮಾಡಿದ ಪದರ, ಕರೆಂಟು ಹಾಯಲು ಬಿಡುವುದಿಲ್ಲ. ಮುಚ್ಚಳ ಕೂರುವ ಕಡೆ ಬೆಳ್ಳಗೆ ಹೊಳೆಯುವ ಬರಿ ಅಂಚಿಗೇ ಮುಟ್ಟಬೇಕು. ಟಾರ್ಚು ಭಗ್ಗನೆ ಉರಿಯಿತೇ? ಹಾಗಾದರೆ ಶೆಲ್ಲು, ಸರ್ಕ್ಯೂಟು, ಎಲ್‌ಇಡಿ ಎಲ್ಲ ಸರಿ, ರೋಗ ಮುಚ್ಚಳದಲ್ಲಿ. ಉರಿಯಲಿಲ್ಲವೇ? ರೋಗ ತಲೆಯಲ್ಲಿ. ಒಂದು ಕ್ಷಣದಲ್ಲಿ ಹುಡುಕಾಟ ಅರ್ಧಕ್ಕೆ ಇಳಿಯಿತು.

ತಂತಿಯ ಬದಲು ಮೀಟರನ್ನು 10 ಆಂಪ್ ರೇಂಜಿಗೆ ಹಾಕಿ ಅದೇ ಎರಡು ಜಾಗಕ್ಕೆ ಕಡ್ಡಿ ಇಟ್ಟರೆ ಎಷ್ಟು ಕರೆಂಟು ಹೋಗುತ್ತಿದೆ ಎಂಬುದೂ ತಿಳಿಯುತ್ತದೆ. ಒಂದು ಎಚ್ಚರಿಕೆ: ಆಂಪ್ ರೇಂಜಿನಲ್ಲಿರುವ ಮೀಟರನ್ನು ಬರಿ ಶೆಲ್ಲಿನ ಎರಡು ತುದಿಗೆ ನೇರವಾಗಿ ಇಡಬೇಡಿ, ಅದು ಶಾರ್ಟು ಮಾಡಿದ ಹಾಗೆ. ಲಿಥಿಯಂ ಶೆಲ್ಲಾದರೆ ಅಪಾಯ.

ಹೋದ ಮಳೆಗಾಲದಲ್ಲಿ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರು ಒಂದು ಟಾರ್ಚು ತಂದರು. ಅಂಗೈಗೆ ಹೊಡೆದರೆ ಉರಿಯುತ್ತದೆ, ಬಿಟ್ಟರೆ ಆರುತ್ತದೆ, ನಡೆಯುವಾಗ ತನ್ನಷ್ಟಕ್ಕೆ ಫುಲ್ಲಿನಿಂದ ಡಿಮ್ಮಿಗೆ, ಡಿಮ್ಮಿನಿಂದ ಮಿನುಗುವುದಕ್ಕೆ ಹೋಗುತ್ತದೆ. "ಇದಕ್ಕೆ ಭೂತ ಹಿಡಿದಿದೆ, ಹೊಸದು ತರುತ್ತೇನೆ" ಎಂದರು. ತಾನಾಗಿ ಮೋಡ್ ಬದಲಾಗುವುದಕ್ಕೆ ಕಾರಣ ಸರಳ. ಸರ್ಕ್ಯೂಟು ಮೋಡ್ ಬದಲಿಸುವುದು ಸ್ವಿಚ್ಚನ್ನು ಅರೆಕ್ಷಣ ಒತ್ತಿ ಕರೆಂಟು ಕಡಿದಾಗ. ದಾರಿಯಲ್ಲಿ ಎಲ್ಲೋ ಸಡಿಲವಿದ್ದು ಹೆಜ್ಜೆ ಹಾಕಿದಾಗ ಕರೆಂಟು ಅರೆಕ್ಷಣ ಕಡಿದರೂ ಸರ್ಕ್ಯೂಟಿಗೆ ಅದು ಒತ್ತಿದಂತೆಯೇ.

ತಂತಿ ಮುಟ್ಟಿಸಿದೆ, ಸ್ಥಿರವಾಗಿ ಉರಿಯಿತು. ಮುಚ್ಚಳವನ್ನು ಕಿಟಕಿ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಸ್ಪ್ರಿಂಗಿನ ಸುತ್ತ ಒಂದು ಅಲ್ಯೂಮಿನಿಯಂ ಬಳೆ, ಅದರ ಮೇಲೆ ಎದುರುಬದುರು ಎರಡು ಕಚ್ಚು. ಚಿಮಟದ ಎರಡು ಮೊನೆಯನ್ನು ಆ ಕಚ್ಚುಗಳಿಗೆ ಕೊಟ್ಟು ಬಲಕ್ಕೆ ತಿರುಗಿಸಿದರೆ ಸಲೀಸಾಗಿ ಅರ್ಧ ಸುತ್ತು ತಿರುಗಿತು, ಆಮೇಲೆ ಬಿಗಿಯಾಯಿತು. ಸ್ವಿಚ್ಚನ್ನು ಒತ್ತಿ ಹಿಡಿಯುವ ಬಳೆ ಅದು, ದಿನಾ ಮುಚ್ಚಳ ಬಿಚ್ಚಿ ಹಾಕಿ ಸಡಿಲವಾಗಿತ್ತು. ಮರೆಗಳಿಗೆ ಸ್ಪಿರಿಟಿನಲ್ಲಿ ಅದ್ದಿದ ಬಡ್ ಹಾಕಿ ತಿರುವಿದರೆ ಇದ್ದಿಲು ಒರೆಸಿದ ಹಾಗೆ ಕಪ್ಪು ಬಂತು. ಅಲ್ಯೂಮಿನಿಯಂ ಪುಡಿ ಹಳೇ ಗ್ರೀಸಿನ ಜೊತೆ ಸೇರಿ ಆದ ಮಸಿ ಅದು. ನಾಲ್ಕನೇ ಬಡ್ ಬೆಳ್ಳಗೆ ಬಂದ ಮೇಲೆ ಒಂದು ಹನಿ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದೆ. ಕೊಳವೆಯ ಬರಿ ಅಂಚಿಗೆ ಗ್ರೀಸು ತಾಗದಂತೆ ನೋಡಿಕೊಂಡೆ. ರೈಟರ ಕೈಗೆ ಕೊಟ್ಟಾಗ ಅವರು ಅಭ್ಯಾಸಬಲದಿಂದ ಮತ್ತೊಮ್ಮೆ ಅಂಗೈಗೆ ಹೊಡೆದು ನೋಡಿದರು. ಬೆಳಕು ಅಲುಗಲಿಲ್ಲ.

ಇಷ್ಟು ಸಣ್ಣ ಮಸಿಗೆ ಬೆಳಕು ಯಾಕೆ ಮಂಕಾಗುತ್ತದೆ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ಟಾರ್ಚು 0.3 ಆಂಪ್ ಎಳೆಯುತ್ತಿದೆ, ಮಸಿಯ ರೆಸಿಸ್ಟೆನ್ಸ್ 2 ಓಮ್ ಎಂದಿಟ್ಟುಕೊಳ್ಳಿ. ಅಲ್ಲೇ 0.6 ವೋಲ್ಟು ತಿಂದುಹೋಯಿತು. ಉರಿಯುವಾಗ ಮೂರು ಶೆಲ್ಲು ಸೇರಿ ಕೊಡುವುದು 4 ವೋಲ್ಟಿನ ಆಸುಪಾಸು, ಎಲ್‌ಇಡಿಗೆ ಬೇಕಾದ್ದು 3. ಉಳಿತಾಯವೇ ಒಂದು ವೋಲ್ಟು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಸಿಯ ಪಾಲು. ದೊಡ್ಡ ಲಿಥಿಯಂ ಟಾರ್ಚಿನಲ್ಲಿ ಕರೆಂಟು ಒಂದೂವರೆ ಆಂಪ್ ಇದ್ದರೆ ಬರೀ 0.3 ಓಮ್ ಸಾಕು, 0.45 ವೋಲ್ಟು ಮಾಯ. ಈ ಕಳೆದುಹೋದ ಶಕ್ತಿ ಬಿಸಿಯಾಗಿ ಹೊರಬೀಳುತ್ತದೆ. ಅದಕ್ಕೇ ಇನ್ನೊಂದು ಗುರುತು ಹೇಳುತ್ತೇನೆ: ಐದು ನಿಮಿಷ ಉರಿಸಿ ಕೈಯಿಂದ ಸವರಿ. ತಲೆ ಬೆಚ್ಚಗಿದ್ದರೆ ಒಳ್ಳೆಯದು, ಎಲ್‌ಇಡಿಯ ಬಿಸಿ ಹೊರಗೆ ಬರುತ್ತಿದೆ. ಬಾಲ ಬಿಸಿಯಾಗಿದ್ದರೆ ರೋಗ ಅಲ್ಲೇ.

ಬಳೆ ಬಿಗಿ ಮಾಡಿ, ಮರೆ ಒರೆಸಿದ ಮೇಲೂ ಸರಿಹೋಗದಿದ್ದರೆ ಸ್ವಿಚ್ಚನ್ನು ಅಳೆಯಿರಿ. ಮೊದಲು ಮೀಟರಿನ ಎರಡು ಕಡ್ಡಿಯನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ಓಮ್ ಬರುತ್ತದೆ ನೋಡಿಕೊಳ್ಳಿ, ಸ್ವಿಚ್ ಆನ್ ಇದ್ದಾಗ ಅದಕ್ಕಿಂತ ಹೆಚ್ಚೇನೂ ಬರಬಾರದು. ಬಂದರೆ ಇಪ್ಪತ್ತು ಮೂವತ್ತು ಸಲ ಒತ್ತಿ ಒತ್ತಿ ಬಿಡಿ, ಒಳಗಿನ ತುಕ್ಕು ಉಜ್ಜಿಹೋಗುವುದುಂಟು. ಆಗಲೂ ಆಗದಿದ್ದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗೆ ಹಳೇ ಸ್ವಿಚ್ಚನ್ನೇ ತೋರಿಸಿ, ಕೆಲವೇ ರೂಪಾಯಿಗೆ ಅದೇ ಅಳತೆಯದು ಸಿಗುತ್ತದೆ.

ತಲೆಯೊಳಗೆ

ತಂತಿ ಮುಟ್ಟಿಸಿದರೂ ಉರಿಯದ ಟಾರ್ಚಿನ ತಲೆ ಬಿಚ್ಚಿ. ಮೊದಲು ನೋಡಬೇಕಾದ್ದು ಎಲ್‌ಇಡಿಗೆ ಬರುವ ಎರಡು ಸಣ್ಣ ವೈರಿನ ಬೆಸುಗೆ. ಟಾರ್ಚು ಬಿದ್ದರೆ ಕಳಚುವುದು ಇದೇ. ಕಣ್ಣಿಗೆ ಅಂಟಿದಂತೆ ಕಂಡರೂ ಹಲ್ಲುಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಅಲುಗಾಡುತ್ತದೆ. ಎಲ್‌ಇಡಿಯನ್ನೇ ಪರೀಕ್ಷಿಸಲು ಎರಡು ಪೆನ್ಸಿಲ್ ಶೆಲ್ಲನ್ನು ಸಾಲಾಗಿ ಹಿಡಿದು, ಆ 3 ವೋಲ್ಟನ್ನು ಎಲ್‌ಇಡಿಯ ಪ್ಲಸ್ ಮೈನಸ್ ಗುರುತಿಗೆ ಕೊಡಿ. ಮಂಕಾಗಿಯಾದರೂ ಉರಿದರೆ ಎಲ್‌ಇಡಿ ಬದುಕಿದೆ, ದೋಷ ಹಿಂದಿನ ಸರ್ಕ್ಯೂಟಿನಲ್ಲಿ. ಉಲ್ಟಾ ಕೊಟ್ಟು ಉರಿಯಲಿಲ್ಲ ಎಂದು ನಿರ್ಧಾರಕ್ಕೆ ಬರಬೇಡಿ, ತಿರುಗಿಸಿಯೂ ನೋಡಿ.

ಬೆಳಕು ನೀಲಿ ಅಥವಾ ನೇರಳೆಗೆ ತಿರುಗಿದ್ದರೆ ಮಾತು ಬೇರೆ. ಮೇಲಿನ ಹಳದಿ ಫಾಸ್ಫರ್ ಪದರ ಬಿಸಿಗೆ ಕೆಟ್ಟಿದೆ, ಒಳಗಿನ ನೀಲಿ ನೇರವಾಗಿ ಹೊರಬರುತ್ತಿದೆ. ಇದು ನಿಜವಾಗಿ ಎಲ್‌ಇಡಿಯ ಸಾವು. ಬಿಚ್ಚಿ ನೋಡಿದರೆ ಎಲ್‌ಇಡಿ ಕೂರುವ ಲೋಹದ ತಟ್ಟೆಯ ಕೆಳಗೆ ಬಿಸಿ ಸಾಗಿಸುವ ಪೇಸ್ಟ್ ಇರುವುದೇ ಇಲ್ಲ, ಗಾಳಿಯ ಮೇಲೆ ಕೂತಿರುತ್ತದೆ. ಹೊಸ ಟಾರ್ಚು ಕೊಂಡ ದಿನವೇ ಅಲ್ಲಿ ಒಂದು ಚೂರು ಥರ್ಮಲ್ ಪೇಸ್ಟ್ ಸವರುವುದು ನಾನು ಬಿಡದೆ ಮಾಡುವ ಕೆಲಸ.

ಗೋಡೆಗೆ ಚುಚ್ಚುವ ಟಾರ್ಚು

ಬುಡದಿಂದ ಎರಡು ಪಿನ್ ಹೊರಬಂದು ನೇರವಾಗಿ ಸಾಕೆಟ್ಟಿಗೆ ಚುಚ್ಚುವ ಪ್ಲಾಸ್ಟಿಕ್ ಟಾರ್ಚು ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಮನೆಮನೆಯಲ್ಲಿದೆ. ಒಳಗಿರುವುದು 4 ವೋಲ್ಟಿನ ಸೀಸದ ಬ್ಯಾಟರಿ. ಇದನ್ನು ಬಿಚ್ಚುವ ಮೊದಲು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಬಹುತೇಕ ಇಂಥವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಒಂದು ಕೆಪಾಸಿಟರ್ ಮತ್ತು ನಾಲ್ಕು ಡಯೋಡಿನ ಮೂಲಕ 230 ವೋಲ್ಟಿನ ಲೈನೇ ಒಳಗೆ ಬರುತ್ತದೆ. ಚಾರ್ಜಿಗೆ ಹಾಕಿರುವಾಗ ಒಳಗಿನ ಬ್ಯಾಟರಿಯನ್ನು ಮುಟ್ಟುವುದೆಂದರೆ ಲೈನನ್ನೇ ಮುಟ್ಟಿದಂತೆ. ಸಾಕೆಟ್ಟಿನಿಂದ ತೆಗೆದ ಮೇಲೂ ಆ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರಬಹುದು. ಅದರ ಎರಡು ಕಾಲಿಗೆ 10 ಕಿಲೋಓಮಿನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಚಿಮಟದಲ್ಲಿ ಹಿಡಿದು ಮುಟ್ಟಿಸಿ ಇಳಿಸಿದ ಮೇಲೆ ಕೈಹಾಕಿ. ಹೊರಕವಚ ಒಡೆದ ಇಂಥ ಟಾರ್ಚನ್ನು ಟೇಪು ಸುತ್ತಿ ಚಾರ್ಜಿಗೆ ಹಾಕುವ ಮನೆಗಳನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಮಳೆಗಾಲದ ಒದ್ದೆ ಕೈ, ಸಿಮೆಂಟು ನೆಲ, ಮಕ್ಕಳು ಓಡಾಡುವ ಮನೆ.

"ಕೆಂಪು ದೀಪ ಬರುತ್ತೆ, ಆದರೆ ಚಾರ್ಜ್ ಆಗಲ್ಲ" ಎನ್ನುವುದು ಇದರ ಮಾಮೂಲಿ ದೂರು. ಆ ದೀಪ ಹೇಳುವುದು ಸಾಕೆಟ್ಟಿನಲ್ಲಿ ಕರೆಂಟಿದೆ ಎಂದಷ್ಟೇ. ಚಾರ್ಜಿನಿಂದ ತೆಗೆದು ಒಂದು ಗಂಟೆ ಬಿಟ್ಟು ಬ್ಯಾಟರಿ ಅಳೆದರೆ 4.2 ವೋಲ್ಟಿನ ಹತ್ತಿರ ಇರಬೇಕು. ಇದ್ದು, ಆನ್ ಮಾಡಿದ ಒಂದೆರಡು ನಿಮಿಷದಲ್ಲಿ 3.5ರ ಕೆಳಗೆ ಬಂದರೆ ಬ್ಯಾಟರಿ ಮುಗಿದಿದೆ. ಸೀಸದ ಬ್ಯಾಟರಿ ಖಾಲಿಯಾಗಿ ತಿಂಗಳುಗಟ್ಟಲೆ ಕೂತರೆ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಚಾರ್ಜು ಹಿಡಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮೂಲೆಗಿಟ್ಟು ಮುಂದಿನ ಜೂನಿಗೆ ತೆಗೆಯುವ ಟಾರ್ಚು ಸಾಯುವುದು ಹೀಗೆಯೇ. ತಿಂಗಳಿಗೊಮ್ಮೆ ಚಾರ್ಜು ಮಾಡಿ. ಹಾಗೆಂದು ರಾತ್ರಿಯೆಲ್ಲ ಚುಚ್ಚಿ ಬಿಡುವುದೂ ಬೇಡ, ಎಷ್ಟೋ ಟಾರ್ಚಿನಲ್ಲಿ ತುಂಬಿದ ಮೇಲೆ ನಿಲ್ಲಿಸುವ ವ್ಯವಸ್ಥೆಯಿಲ್ಲ, ಒಳಗಿನ ದ್ರವ ಒಣಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಗಂಟೆ ಸಾಕು.

ಬ್ಯಾಟರಿ ಸರಿಯಿದ್ದೂ ಚಾರ್ಜು ತೀರಾ ನಿಧಾನವಾದರೆ ಆ ಕೆಪಾಸಿಟರಿನ ಸಾಮರ್ಥ್ಯ ಇಳಿದಿರುತ್ತದೆ. ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟೇಜಿನದು ಹಾಕಿಸಬೇಕು, ಬೆಸುಗೆ ಗೊತ್ತಿರುವವರ ಕೈಯಲ್ಲಿ. ಇನ್ನೊಂದು: ಚಾರ್ಜಿಗೆ ಹಾಕಿಕೊಂಡೇ ಟಾರ್ಚು ಆನ್ ಮಾಡಬೇಡಿ. ಬ್ಯಾಟರಿ ಸತ್ತಿದ್ದರೆ ವೋಲ್ಟೇಜನ್ನು ಹಿಡಿದಿಡುವವರೇ ಇಲ್ಲ, ಅದು ಏರಿ ಎಲ್‌ಇಡಿಗಳನ್ನು ಸುಟ್ಟುಬಿಡುತ್ತದೆ. ಎಲ್‌ಇಡಿ ನಿಜವಾಗಿ ಸುಟ್ಟ ಟಾರ್ಚುಗಳನ್ನು ನಾನು ಹೆಚ್ಚಾಗಿ ಕಂಡಿದ್ದು ಈ ಜಾತಿಯಲ್ಲೇ.

ಲಿಥಿಯಂ ಟಾರ್ಚು

ಯುಎಸ್‌ಬಿಯಿಂದ ಚಾರ್ಜ್ ಆಗುವ ಅಲ್ಯೂಮಿನಿಯಂ ಟಾರ್ಚುಗಳಲ್ಲಿ ಇರುವುದು ಸಾಮಾನ್ಯವಾಗಿ 18650 ಶೆಲ್ಲು, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ತುಂಬಿದಾಗ 4.2 ವೋಲ್ಟು, 3ರ ಹತ್ತಿರ ಬಂದರೆ ಖಾಲಿ. 2.5ಕ್ಕಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿದ್ದನ್ನು ಮತ್ತೆ ಎಬ್ಬಿಸಲು ಹೋಗಬೇಡಿ. ಒಳಗಿನ ತಾಮ್ರ ಕರಗಿ ಶಾರ್ಟಿಗೆ ದಾರಿಯಾಗಿರಬಹುದು, ಚಾರ್ಜು ಮಾಡುವಾಗ ಬೆಂಕಿಯಾದೀತು. ಉಬ್ಬಿದ್ದು, ಪ್ಲಾಸ್ಟಿಕ್ ಹೊದಿಕೆ ಹರಿದಿದ್ದು ಕೂಡ ಬೇಡ.

ಹೊಸ ಫೋನಿನ, ಎರಡು ತುದಿಗೂ ಸಣ್ಣ ಸಿ ಪಿನ್ ಇರುವ ಸಿ ಟು ಸಿ ವೈರು ಹಾಕಿದರೆ ಚಾರ್ಜೇ ಆಗುವುದಿಲ್ಲ, ಹಳೇ ಚಾರ್ಜರಿನ ವೈರು ಹಾಕಿದರೆ ಆಗುತ್ತದೆ. ಈ ದೂರಿನೊಂದಿಗೆ ಮೂಡಿಗೆರೆಯಿಂದ ಒಬ್ಬರು ಹುಡುಕಿಕೊಂಡು ಬಂದಿದ್ದರು. ಟಾರ್ಚಿನ ಪೋರ್ಟಿನಲ್ಲಿ 5.1 ಕಿಲೋಓಮಿನ ಎರಡು ರೆಸಿಸ್ಟರ್ ಇರಬೇಕು, "ನನಗೆ ಕರೆಂಟು ಬೇಕು" ಎಂದು ಚಾರ್ಜರಿಗೆ ಹೇಳುವುದು ಅವೇ. ಅಗ್ಗದ ಟಾರ್ಚಿನಲ್ಲಿ ಕಾಸು ಉಳಿಸಲು ಅವನ್ನು ಹಾಕುವುದೇ ಇಲ್ಲ. ಸಿ ಟು ಸಿ ಚಾರ್ಜರು ಆ ಗುರುತು ಕಾಣದೆ ಕರೆಂಟು ಬಿಡುವುದೇ ಇಲ್ಲ. ಒಂದು ಕಡೆ ಹಳೇ ಅಗಲದ ಪಿನ್ ಇರುವ ವೈರು ಬಳಸಿ, ಬೇರೇನೂ ಮಾಡಬೇಕಿಲ್ಲ.

ಶೆಲ್ಲಿನ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜು ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿದ್ದರೆ ನಂಬಬೇಡಿ. ಈ ಅಳತೆಯ ಒಳ್ಳೆಯ ಶೆಲ್ಲುಗಳೇ 3500ರ ಆಸುಪಾಸಿಗೆ ನಿಲ್ಲುತ್ತವೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡಿ. ಸರಿಯಾದ ಶೆಲ್ಲು 45 ಗ್ರಾಂ ಹತ್ತಿರ ತೂಗುತ್ತದೆ, ಮೂವತ್ತರ ಒಳಗಿದ್ದರೆ ಒಳಗೆ ಸರಕು ಕಡಿಮೆ. "ಅರ್ಧ ಗಂಟೆಗೇ ಆರುತ್ತದೆ" ಎಂಬ ಟಾರ್ಚಿಗೆ ಒಳ್ಳೆಯ ಶೆಲ್ಲು ಹಾಕಿದ ಮೇಲೆ ಅದೇ ಟಾರ್ಚು ಇಡೀ ಸಂಜೆ ನಡೆಸಿದ್ದನ್ನು ಕಂಡಿದ್ದೇನೆ.

ನೀರು

ಎಳೆದು ಫೋಕಸ್ ಮಾಡುವ ಟಾರ್ಚು ಮಳೆಯ ಸಾಮಾನಲ್ಲ. ತಲೆಯನ್ನು ಹಿಂದೆ ಮುಂದೆ ಎಳೆದಾಗೆಲ್ಲ ಅದು ಉಸಿರಾಡುತ್ತದೆ, ಗಾಳಿಯ ಜೊತೆ ನೀರನ್ನೂ ಒಳಗೆ ಎಳೆಯುತ್ತದೆ. ಡಬ್ಬಿಯ ಮೇಲೆ ನೀರು ತಡೆಯುವ ಮಟ್ಟದ ಗುರುತು ಇರುತ್ತದೆ: ಐಪಿಎಕ್ಸ್ 4 ಎಂದರೆ ಎರಚಲಿಗೆ ತಡೆಯುತ್ತದೆ, ಐಪಿಎಕ್ಸ್ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಶೆಲ್ಲು ತೆಗೆದು, ಎಲ್ಲ ಬಿಚ್ಚಿ, ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ, ಕೈಗೆ ಬೆಚ್ಚಗೆ ತಾಗುವಷ್ಟೇ ಬಿಸಿಯಲ್ಲಿ ಎರಡು ದಿನ ಇಡಿ. ಒಲೆಯ ದಂಡೆಯ ಮೇಲೆ ಬೇಡ, ರಬ್ಬರ್ ಬಳೆ ಹಾಳಾಗುತ್ತದೆ. ಒಣಗಿದ ಮೇಲೆ ಆ ರಬ್ಬರ್ ಬಳೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ. ಸೀಮೆಎಣ್ಣೆ, ಪೆಟ್ರೋಲು, ಕೊಬ್ಬರಿ ಎಣ್ಣೆ ಯಾವುದನ್ನೂ ಅದಕ್ಕೆ ಸವರಬೇಡಿ.

ದೋಷವೇ ಅಲ್ಲದ ದೂರುಗಳು

ಚಾರ್ಮಾಡಿ ಘಾಟಿಯಲ್ಲೋ ಮುಳ್ಳಯ್ಯನಗಿರಿಯ ದಾರಿಯಲ್ಲೋ ಮಂಜು ಮುಸುಕಿದಾಗ ಟಾರ್ಚು ಹತ್ತು ಅಡಿಗೆ ಬಿಳಿ ಗೋಡೆ ತೋರಿಸಿದರೆ ಅದು ಟಾರ್ಚಿನ ತಪ್ಪಲ್ಲ. ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ. ಟಾರ್ಚನ್ನು ಹಣೆಯ ಮಟ್ಟದಿಂದ ಸೊಂಟಕ್ಕೆ ಇಳಿಸಿ, ಬೆಳಕನ್ನು ನೆಲದ ಕಡೆಗೆ ಬಗ್ಗಿಸಿ, ಫುಲ್ಲಿನ ಬದಲು ಡಿಮ್ಮಿನಲ್ಲಿಡಿ. ದಾರಿ ಕಾಣುತ್ತದೆ.

ಆನ್ ಮಾಡಿದ ಒಂದೆರಡು ನಿಮಿಷಕ್ಕೆ ಬೆಳಕು ಒಂದೇ ಸಲ ಇಳಿದು ಅಲ್ಲೇ ನಿಂತರೆ ಬಿಸಿ ತಡೆಯಲು ಸರ್ಕ್ಯೂಟೇ ಮಾಡಿದ ಕೆಲಸ. ತಾಳಬದ್ಧವಾಗಿ ಮಿನುಗಿದರೆ ಮೋಡ್ ಬದಲಾಗಿದೆ ಅಥವಾ ಶೆಲ್ಲು ಮುಗಿಯುತ್ತಿದೆ ಎಂಬ ಸೂಚನೆ. ತಾಳವಿಲ್ಲದೆ, ಅಲುಗಿಸಿದಾಗ ಮಿನುಗಿದರೆ ಮಾತ್ರ ಸಡಿಲ ಸಂಪರ್ಕ. ಡಬ್ಬಿಯ ಮೇಲೆ 200 ಮೀಟರ್ ಎಂದಿದೆ, ಅಷ್ಟು ದೂರ ಕಾಣುವುದಿಲ್ಲ ಎನ್ನುವವರಿಗೆ: ಟಾರ್ಚುಗಳನ್ನು ಅಳೆಯಲು 2009ರಲ್ಲಿ ಬಂದ ಎಫ್‌ಎಲ್ 1 ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸಿಗೆ ಇಳಿಯುವ ದೂರವೇ ಟಾರ್ಚಿನ ದೂರ. ಅದು ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಕಾಫಿ ಗಿಡದ ನಡುವೆ ನಿಂತ ಆನೆಯ ಬೂದು ಮೈಯನ್ನು ಗುರುತಿಸಲು ಅದು ಸಾಲದು, ಬರೆದ ದೂರದ ಅರ್ಧವನ್ನು ನಂಬಿ ನಡೆಯಿರಿ.

ಸ್ವಿಚ್ಚು ಮುಟ್ಟದೆಯೂ ಶೆಲ್ಲು ತಾನೇ ಖಾಲಿಯಾಗುವ ಟಾರ್ಚುಗಳಿವೆ. ಮೆತ್ತಗೆ ಒತ್ತುವ ಎಲೆಕ್ಟ್ರಾನಿಕ್ ಸ್ವಿಚ್ಚು ಒತ್ತುವವರನ್ನು ಕಾಯುತ್ತ ಸದಾ ಸ್ವಲ್ಪ ಕರೆಂಟು ಎಳೆಯುತ್ತಿರುತ್ತದೆ. ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಟ್ಟರೆ ಅದೂ ನಿಲ್ಲುತ್ತದೆ, ಮರೆಗೆ ಆನೊಡೈಸ್ ಇದ್ದರೆ.

ಉಳಿಸಲಾಗದ ಶೆಲ್ಲು, ಬ್ಯಾಟರಿಗಳನ್ನು ಕಾಫಿ ಗುಂಡಿಗೆ, ಹಳ್ಳಕ್ಕೆ, ಕಸದ ಬೆಂಕಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅವನ್ನು ಹಿಂದೆ ಪಡೆಯುವ ಹೊಣೆ ತಯಾರಕರದ್ದು. ಸೀಸದ್ದನ್ನು ಬ್ಯಾಟರಿ ಅಂಗಡಿಯವರು ತೂಕಕ್ಕೆ ತೆಗೆದುಕೊಳ್ಳುತ್ತಾರೆ.

ಸರಿಮಾಡಿದ ಟಾರ್ಚನ್ನು ನಾನು ತಕ್ಷಣ ಕೊಡುವುದಿಲ್ಲ. ಸಂಜೆ ಹತ್ತು ನಿಮಿಷ ಫುಲ್ಲಿನಲ್ಲಿ ಉರಿಸಿ ತಲೆ, ಬಾಲ ಎರಡನ್ನೂ ಮುಟ್ಟಿ ನೋಡುತ್ತೇನೆ. ಪಕ್ಕದಿಂದ, ಹಿಂದಿನಿಂದ ನಾಲ್ಕು ಸಲ ಮೆಲ್ಲಗೆ ತಟ್ಟುತ್ತೇನೆ. ರಾತ್ರಿ ಊಟವಾದ ಮೇಲೆ ಅದನ್ನೇ ಹಿಡಿದು ಕಣದ ಆಚೆಯ ಪಂಪ್ ಹೌಸಿನವರೆಗೆ ಹೋಗಿ ಬರುತ್ತೇನೆ, ಕಲ್ಲು ಮೆಟ್ಟಿಲಲ್ಲಿ ಬೇಕೆಂದೇ ಜೋರಾಗಿ ಹೆಜ್ಜೆ ಹಾಕುತ್ತ. ಬೆಳಕು ಒಮ್ಮೆಯೂ ಅಲುಗದೆ ಮನೆ ಮುಟ್ಟಿಸಿದರೆ, ಬೆಳಿಗ್ಗೆ ಹಾಲಿನ ಡೈರಿಗೆ ಹೋಗುವವರ ಕೈಯಲ್ಲಿ ಅದರ ಮನೆಗೆ ವಾಪಸು ಕಳಿಸುತ್ತೇನೆ.